ಪತ್ತೇದಾರ ಮಕ್ಕಳಿಗೆ ಒಬ್ಬರು ದೊಡ್ಡವರು

"ಇವು ಮೂರು ದಿನ ಎಂತ ತಿಂದವು?"

ನನ್ನ ಹಸ್ತಪ್ರತಿಯ ಕೊನೆಯ ಹಾಳೆಯನ್ನು ಮಗುಚಿಟ್ಟು ಪುತ್ತೂರಿನ ಮುದ್ರಣಾಲಯದ ಯಜಮಾನರು ಕೇಳಿದ ಮೊದಲ ಪ್ರಶ್ನೆ ಇದು. ಕಥೆ ಹೇಗಿದೆ, ಕಳ್ಳರು ಸಿಕ್ಕಿಬಿದ್ದ ಬಗೆ ಹೇಗಿದೆ ಎಂಬ ಮಾತೇ ಇಲ್ಲ. ನಾನು ಅವರ ಮುಖ ನೋಡಿದೆ.

"ಅಲ್ಲ, ಮೂರು ಮಕ್ಕಳು ಮೂರು ದಿನ ಗುಹೆಯ ಹತ್ತಿರ ಅಡಗಿ ಕೂತವು ಅಂತ ಬರೆದಿದ್ದೀರಿ. ಊಟ ಎಲ್ಲಿ? ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ವಾ?"

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಪುತ್ತೂರಿನಲ್ಲೇ ಹುಟ್ಟಿ ಬೆಳೆದವಳು. ಶಿಕ್ಷಕಿಯ ತರಬೇತಿ ಮುಗಿಸಿ ಕಡಬದ ಒಂದು ಪ್ರಾಥಮಿಕ ಶಾಲೆಗೆ ಸೇರಿ ಒಂದು ವರ್ಷ ಆಗಿತ್ತಷ್ಟೆ. ಪತ್ತೇದಾರಿ ಕಾದಂಬರಿಗಳ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇತ್ತು. ಆದರೆ ನಾನು ಕದ್ದು ಓದಿದ್ದೆಲ್ಲ ದೊಡ್ಡವರ ಪುಸ್ತಕಗಳು. ಪ್ರತಿ ಅಧ್ಯಾಯದಲ್ಲೂ ಒಂದೊಂದು ಹೆಣ ಬೀಳುವಂಥವು. ಮಕ್ಕಳೇ ಪತ್ತೇದಾರರಾಗಿರುವ, ಮಕ್ಕಳೇ ಓದಬಹುದಾದ ಕಥೆ ಬರೆಯಬೇಕೆಂದು ನನಗೆ ಆಸೆ. ಈ ಯಜಮಾನರೋ, ಮದುವೆ ಕಾಗದ, ಯಕ್ಷಗಾನದ ನೋಟೀಸು, ರಶೀದಿ ಪುಸ್ತಕ ಅಚ್ಚು ಹಾಕಿ ಬೇಸತ್ತು, ಮಕ್ಕಳಿಗಾಗಿ ಕಿಸೆ ಗಾತ್ರದ ಪುಸ್ತಕಗಳನ್ನು ತರುವ ಹುಮ್ಮಸ್ಸಿನಲ್ಲಿದ್ದರು. ಹಾಗಾಗಿ ಒಂದು ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಹಸ್ತಪ್ರತಿ ಹಿಡಿದು ಬಂದಿದ್ದೆ.

ನನ್ನ ಕಥೆಯಲ್ಲಿ ದೊಡ್ಡವರು ಅಡ್ಡ ಬರಬಾರದೆಂದು ನಾನು ಬಹಳ ಬುದ್ಧಿ ಉಪಯೋಗಿಸಿದ್ದೆ. ಒಬ್ಬ ಹುಡುಗನ ತಂದೆ ಮಿಲಿಟರಿಯಲ್ಲಿ, ತಾಯಿ ಆಸ್ಪತ್ರೆಯಲ್ಲಿ. ಹುಡುಗಿಯ ಮನೆಯವರೆಲ್ಲ ದೂರದ ಮದುವೆಗೆ ಹೋಗಿದ್ದರು. ಮೂರನೆಯವನು ತಬ್ಬಲಿ.

"ಒಬ್ಬರನ್ನು ಆಸ್ಪತ್ರೆಗೆ ಹಾಕಿದ್ದೀರಿ, ಒಬ್ಬನ ಅಪ್ಪ ಅಮ್ಮನನ್ನು ಕೊಂದೇ ಬಿಟ್ಟಿದ್ದೀರಿ," ಎಂದರು ಯಜಮಾನರು. "ಮಕ್ಕಳ ಪುಸ್ತಕ ಇದು ಮಾರಾಯ್ರೆ! ನಿಮ್ಮ ಕಳ್ಳರೇ ವಾಸಿ, ಅವರು ಯಾರನ್ನೂ ಕೊಂದಿಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು.

"ಓದುದು ಮಕ್ಕಳು. ಆದ್ರೆ ಪುಸ್ತಕ ತೆಗೆದು ಕೊಡುದು ಅಪ್ಪ ಅಮ್ಮ. ಇದನ್ನು ನೋಡಿದ್ರೆ ಅವರು ಹೆದರ್ತಾರೆ. ಒಬ್ಬರು ದೊಡ್ಡವರನ್ನು ಹಾಕಿ. ಮಕ್ಕಳ ಬೆನ್ನಿಗೆ ನಿಲ್ಲುವವರು. ಆದ್ರೆ ನೋಡಿ, ಮಕ್ಕಳ ಕೆಲಸ ಅವರು ಮಾಡ್ಬಾರ್ದು." ಹಸ್ತಪ್ರತಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. "ಅಂಥವರು ಸಿಕ್ಕಿದ ಮೇಲೆ ಬನ್ನಿ. ನಾನು ಅಚ್ಚು ಹಾಕ್ತೇನೆ."

ಕಡಬಕ್ಕೆ ಮರಳಿದವಳೇ ಕಥೆಯೊಳಗೆ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರರೊಬ್ಬರನ್ನು ತಂದು ಕೂರಿಸಿದೆ. ಮಕ್ಕಳ ಸೋದರಮಾವ. ದಪ್ಪ ಮೀಸೆ, ಬೂಟು, ಬೆಲ್ಟು. ಅವರು ಬಂದದ್ದೇ ತಡ, ಕಥೆ ತಾನಾಗಿ ಓಡಿತು. ಕಾಲಿನ ಗುರುತು ಅವರೇ ಕಂಡರು, ಗುಹೆಗೆ ಅವರೇ ನುಗ್ಗಿದರು, ಕಳ್ಳರ ಕೈಗೆ ಅವರೇ ಹಗ್ಗ ಬಿಗಿದರು. ನನಗೆ ತುಂಬ ಖುಷಿಯಾಗಿ, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಐದನೆಯ ತರಗತಿಗೆ ಓದಿ ಹೇಳಿದೆ. ಮುಗಿಸಿ ತಲೆ ಎತ್ತಿದರೆ ತರಗತಿ ತಣ್ಣಗಿತ್ತು. ದರ್ಜಿಯವರ ಮಗ ಕೈ ಎತ್ತಿದ.

"ಟೀಚರ್, ಎಲ್ಲ ಮಾವನೇ ಮಾಡಿದ್ರೆ ಆ ಮಕ್ಕಳು ಎಂತಕ್ಕೆ?"

ಮನೆಗೆ ಬಂದು ಮತ್ತೆ ತಿದ್ದಲು ಕೂತೆ. ಮಾವನನ್ನು ಸ್ವಲ್ಪ ಮೆತ್ತಗೆ ಮಾಡಿದರೆ ಅವರು ಎರಡನೆಯ ಅಧ್ಯಾಯದಲ್ಲೇ "ಮಕ್ಕಳೇ, ಇದು ಅಪಾಯ, ಮನೆಗೆ ಹೋಗಿ" ಎನ್ನುತ್ತಿದ್ದರು. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಬಲ ಕೊಟ್ಟರೆ ಮಕ್ಕಳು ಬರಿದೇ ನೋಡುತ್ತ ನಿಲ್ಲುತ್ತಿದ್ದವು. ಹೀಗೆ ಎರಡು ತಿಂಗಳು ಆ ಮನುಷ್ಯನೊಡನೆ ಹೆಣಗಿದೆ.

ನಾನು ಬಾಡಿಗೆಗಿದ್ದದ್ದು ಪೇಟೆಯ ಕೊನೆಯಲ್ಲಿದ್ದ ಒಂದು ಬ್ಯಾರಿ ಮುಸಲ್ಮಾನ ಕುಟುಂಬದ ಮನೆಯ ಮುಂದಿನ ಕೋಣೆಯಲ್ಲಿ. ಮನೆಯೊಡತಿಗೆ ಐವತ್ತೈದು ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಗ ಗಲ್ಫಿಗೆ ಹೋಗಿದ್ದ. ಮನೆಯಲ್ಲಿ ಅವರು, ಸೊಸೆ, ಮತ್ತು ನನ್ನ ಐದನೆಯ ತರಗತಿಯಲ್ಲೇ ಓದುತ್ತಿದ್ದ ಮೊಮ್ಮಗಳು. ಎಲ್ಲರೂ ಕರೆದಂತೆ ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ. ಅವರಿಗೆ ತುಳು ನೀರು ಕುಡಿದಷ್ಟು ಸಲೀಸು, ನನಗೂ ಮನೆಮಾತು ಅದೇ. ಆದರೂ ನನ್ನ ಹತ್ತಿರ ಅವರು ತುಳು ಮಾತಾಡುತ್ತಿರಲಿಲ್ಲ. "ಟೀಚರ ಹತ್ತಿರ ಕನ್ನಡವೇ ಮಾತಾಡ್ಬೇಕು, ಅದು ಮರ್ಯಾದೆ," ಎನ್ನುತ್ತಿದ್ದರು.

ಆ ಮೊಮ್ಮಗಳು ಮನೆಗೆ ಬಂದು ಇನ್‌ಸ್ಪೆಕ್ಟರ್ ಮಾವನ ಕಥೆಯನ್ನು ಚಾಚೂ ತಪ್ಪದೆ ಹೇಳಿದ್ದಳು. ಉಮ್ಮ ನನ್ನ ಬಾಗಿಲಲ್ಲಿ ನಿಂತು, "ಆ ಮಾವನಿಗೆ ಬೇರೆ ಕೆಲಸ ಇಲ್ವಾ ಟೀಚರೇ?" ಎಂದು ಕೇಳಿ ಹೋಗಿದ್ದರು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಗಂಟೆ ಕಾಣೆಯಾಯಿತು.

ಗಂಟೆ ಎಂದರೆ ಒಂದೂವರೆ ಅಡಿ ಉದ್ದದ ರೈಲು ಹಳಿಯ ತುಂಡು. ಆಗ ನಮ್ಮ ಕಡೆ ಹೊಸದಾಗಿ ರೈಲುದಾರಿ ಹಾಕುತ್ತಿದ್ದರು. ಅಲ್ಲಿಂದ ಯಾರೋ ತಂದುಕೊಟ್ಟದ್ದಂತೆ. ಶಾಲೆಯ ಮುಂದಿನ ಮಾವಿನ ಮರದ ಕೊಂಬೆಗೆ ತಂತಿಯಲ್ಲಿ ಅದನ್ನು ನೇತುಹಾಕಿದ್ದರು. ಸುತ್ತಿಗೆಯಿಂದ ಹೊಡೆದರೆ ಇಡೀ ಪೇಟೆಗೆ ಕೇಳುತ್ತಿತ್ತು. ಹೋಟೆಲಿನವರು ಅದರ ಸದ್ದು ಕೇಳಿಯೇ ಮಧ್ಯಾಹ್ನದ ಅನ್ನಕ್ಕೆ ಎಸರಿಡುತ್ತಿದ್ದರು. ಆ ಸೋಮವಾರ ಹೆಡ್ಮಾಷ್ಟ್ರು ಸುತ್ತಿಗೆ ಹಿಡಿದು ಮರದ ಕೆಳಗೆ ಬಂದರೆ ತಂತಿಯ ತುಂಡು ಮಾತ್ರ ನೇತಾಡುತ್ತಿತ್ತು.

ಅವತ್ತಿಂದ ಅವರು ಸೀಮೆಎಣ್ಣೆಯ ಖಾಲಿ ಡಬ್ಬಿ ಬಡಿಯತೊಡಗಿದರು. ಅದರ ಸದ್ದಿಗೆ ಮಕ್ಕಳು ಸಾಲಾಗಿ ನಿಲ್ಲುವ ಬದಲು ಬಿದ್ದು ಬಿದ್ದು ನಗುತ್ತಿದ್ದವು. ಹೆಡ್ಮಾಷ್ಟ್ರು ಒಳ್ಳೆಯವರೇ, ಆದರೆ ಮುಂಗೋಪಿ. ಎರಡನೆಯ ದಿನ ಪ್ರಾರ್ಥನೆಯ ಹೊತ್ತಿಗೆ, ಮಕ್ಕಳೆಲ್ಲರ ಎದುರು, "ಕಬ್ಬಿಣ ಯಾರಿಗೆ ಬೇಕು? ಗುಜರಿಯವನಿಗಲ್ಲದೆ ಮತ್ತೆ ಯಾರಿಗೆ?" ಎಂದುಬಿಟ್ಟರು. ಬರುವ ಸೋಮವಾರದೊಳಗೆ ಗಂಟೆ ಬಾರದಿದ್ದರೆ ಪೊಲೀಸರಿಗೆ ದೂರು ಕೊಡುವುದಾಗಿಯೂ ಹೇಳಿದರು.

ಮನೆ ಮನೆಗೆ ಹೋಗಿ ಹಳೆಯ ಕಬ್ಬಿಣ, ತೂತು ಬಿದ್ದ ಪಾತ್ರೆ ಕೊಳ್ಳುವವರು ಪೇಟೆಯಲ್ಲಿ ಒಬ್ಬರೇ ಇದ್ದರು. ಮೆತ್ತಗಿನ ಮನುಷ್ಯ. ಮಕ್ಕಳ ಬಾಯಿಂದ ಮಾತು ಸಂಜೆಯೊಳಗೆ ಅವರ ಕಿವಿಗೆ ಬಿತ್ತು. ಮರುದಿನ ಅವರು ತಮ್ಮ ಗೋಣಿಯನ್ನು ಹೆಗಲಲ್ಲಿ ಹೊತ್ತು ಶಾಲೆಗೇ ಬಂದರು. ಅಂಗಳದ ನಡುವೆ ಗೋಣಿ ಬಿಚ್ಚಿ ಸುರಿದರು. ಮುರಿದ ಬಾಲ್ದಿ, ಕೊಡೆಯ ಕಡ್ಡಿಗಳು, ಬಾಣಲೆಯ ಹಿಡಿ, ಸೈಕಲ್ಲಿನ ಚೈನು.

"ನೋಡಿ ಮಾಷ್ಟ್ರೇ. ಇಷ್ಟೇ ಇರುದು."

"ಇಲ್ಲಿ ಇಲ್ಲ ಅಂದ್ರೆ ಬೇರೆ ಕಡೆ ಇರಬಹುದು," ಎಂದರು ಹೆಡ್ಮಾಷ್ಟ್ರು.

ಆ ಮನುಷ್ಯ ಬಗ್ಗಿ, ಒಂದೊಂದನ್ನೇ ಹೆಕ್ಕಿ ಗೋಣಿಗೆ ತುಂಬಿಸಿಕೊಂಡರು. ಎಲ್ಲ ಮಕ್ಕಳೂ ಕಿಟಕಿಯಿಂದ ನೋಡುತ್ತಿದ್ದವು. ನಾನೂ ನೋಡುತ್ತಿದ್ದೆ; ಹೊರಗೆ ಹೋಗಿ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದು ಇವತ್ತಿಗೂ ನನಗೆ ನಾಚಿಕೆ.

ಗುರುವಾರ ಮಧ್ಯಾಹ್ನ ಮೂವರು ಮಕ್ಕಳು ನನ್ನ ಮೇಜಿನ ಮುಂದೆ ಬಂದು ನಿಂತವು. ಉಮ್ಮನ ಮೊಮ್ಮಗಳು, ದರ್ಜಿಯವರ ಮಗ, ಪೋಸ್ಟ್‌ಮ್ಯಾನರ ಮಗಳು. ದರ್ಜಿಯವರ ಮಗನ ಕೊರಳಲ್ಲಿ ಅವನಪ್ಪನ ಅಳತೆ ಪಟ್ಟಿ ಜೋತಾಡುತ್ತಿತ್ತು.

"ಟೀಚರ್, ಗಂಟೆಯನ್ನು ರೋಲರಿನವರು ಕೊಂಡುಹೋಗಿದ್ದಾರೆ. ನಾವು ಮರ್ಧಾಳದ ಆಚೆ ಹೋಗಿ ನೋಡಿ ಬರ್ತೇವೆ. ಹೋಗ್ಬಹುದಾ?"

ಹಿಂದಿನ ವಾರ ರಸ್ತೆ ಕೆಲಸದ ಕಂಟ್ರಾಕ್ಟರರ ರೋಡ್ ರೋಲರೊಂದು ಶಾಲೆಯ ಪಕ್ಕದ ಇಳಿಜಾರಿನಲ್ಲಿ ನಿಂತಿತ್ತು, ನಿಜ. ಸೋಮವಾರ ನಸುಕಿಗೆ ಅದು ಮರ್ಧಾಳದ ಮೇಲಿನ ಸುಬ್ರಹ್ಮಣ್ಯದ ದಾರಿ ಹಿಡಿದು ಹೋಗಿತ್ತು. ಆದರೆ ನಾನು ಮುಂದಿನ ಮಾತನ್ನೇ ಕೇಳಲಿಲ್ಲ.

"ಎಂಥ ರೋಲರು? ಸುಮ್ಮನೆ ಹೋಗಿ ಲೆಕ್ಕದ ಪಾಠ ಓದಿ," ಎಂದೆ.

ನನ್ನ ಕಥೆಯ ಇನ್‌ಸ್ಪೆಕ್ಟರ್ ಮಾವನಿಗೂ ನನಗೂ ವ್ಯತ್ಯಾಸವಿದ್ದದ್ದು ಬಹುಶಃ ಮೀಸೆಯೊಂದರಲ್ಲಿ ಮಾತ್ರ.

ಅಂದು ಸಂಜೆ ಉಮ್ಮ ಚಹಾ ಹಿಡಿದು ನನ್ನ ಕೋಣೆಗೆ ಬಂದರು.

"ಟೀಚರೇ, ನಮ್ಮದು ಮುಖ ಊದಿಸಿಕೊಂಡು ಕೂತಿದೆ. ನೀವು ಬೇಡ ಹೇಳಿದ್ರಂತೆ."

"ದೂರ ಅಲ್ವಾ ಉಮ್ಮ? ದಾರಿಯಲ್ಲಿ ಎಂತಾದ್ರೂ ಆದ್ರೆ ನನ್ನನ್ನು ಕೇಳ್ತಾರೆ."

"ಕೇಳ್ತಾರೆ. ಅದು ಸರಿ. ನೀವು ಬರೆದ ಮಕ್ಕಳು ಗುಹೆ ಒಳಗೆ ಹೋಗಿದ್ವಲ್ಲ?"

"ಅದು ಕಥೆ."

ಉಮ್ಮ ನಕ್ಕರು. "ಬೇಡ ಹೇಳಿದ್ರೆ ಮಕ್ಕಳು ಹೋಗುದು ನಿಲ್ಲಿಸುದಿಲ್ಲ ಟೀಚರೇ. ನಮಗೆ ಹೇಳುದು ನಿಲ್ಲಿಸ್ತವೆ. ನಾನು ನನ್ನ ಮಗನಲ್ಲಿ ನೋಡಿದ್ದೇನೆ. ಈಗ ಇವು ಹೇಳ್ಳಿಕ್ಕೆ ಬಂದಿವೆ. ಕೇಳಿ ಕಳಿಸುವ."

ಮರುದಿನ ಶಾಲೆ ಬಿಟ್ಟ ಮೇಲೆ ಮೂವರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಅವರೇ ವಿಚಾರಿಸಿದರು. ಕೈಯಲ್ಲಿ ಅಕ್ಕಿಯ ಗೆರಸೆ. ಮಾತಾಡುತ್ತ ಕಲ್ಲು ಹೆಕ್ಕುತ್ತಿದ್ದರು.

"ಎಂತ ನೋಡಿದ್ರಿ? ನೋಡಿದ್ದು ಮಾತ್ರ ಹೇಳಿ. ಅಂದಾಜು ಮಾಡಿದ್ದು ಆಮೇಲೆ."

ಪೋಸ್ಟ್‌ಮ್ಯಾನರ ಮಗಳು ಹೇಳಿದಳು: "ಮರದಲ್ಲಿ ಉಳಿದ ತಂತಿಯ ತುದಿ ತುಕ್ಕು ಹಿಡಿದಿದೆ. ಯಾರಾದ್ರೂ ತುಂಡು ಮಾಡಿದ್ರೆ ತುದಿ ಹೊಳೆಯುತ್ತಿತ್ತು. ಅದು ತಾನಾಗಿ ತುಂಡಾದದ್ದು."

"ಮರದ ಕೆಳಗೆ ಗಂಟೆ ಬಿದ್ದು ಗುಂಡಿ ಆಗಿದೆ," ಎಂದ ದರ್ಜಿಯವರ ಮಗ. "ಅಂಥದ್ದೇ ಇನ್ನೊಂದು ಗುರುತು ರೋಲರ್ ನಿಂತ ಜಾಗದಲ್ಲಿ ಉಂಟು. ಎರಡನ್ನೂ ಪಟ್ಟಿ ಇಟ್ಟು ಅಳತೆ ಮಾಡಿದೆ. ಅಗಲ ಒಂದೇ."

ಮೊಮ್ಮಗಳು ಲಂಗದ ಗಂಟಿನಿಂದ ಎಣ್ಣೆ ಮೆತ್ತಿದ ಕಪ್ಪು ಚಿಂದಿಯೊಂದನ್ನು ತೆಗೆದಳು. "ಇದು ಮರದ ಬುಡದಲ್ಲಿ ಬಿದ್ದಿತ್ತು ಉಮ್ಮಾ."

ಉಮ್ಮ ಚಿಂದಿಯನ್ನು ಮೂಸಿ ನೋಡಿದರು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನನ್ನ ಕಾದಂಬರಿಯಲ್ಲಿ ಇಷ್ಟು ಒಳ್ಳೆಯ ಸುಳಿವು ಒಂದೂ ಇರಲಿಲ್ಲ.

"ಹಾಗಾದ್ರೆ ರೋಲರಿನವನೇ ಕಳ್ಳ!" ಎಂದು ದರ್ಜಿಯವರ ಮಗ ಎದ್ದು ನಿಂತ.

"ಕೂತ್ಕೋ. ಮಾಷ್ಟ್ರು ಒಬ್ಬರ ಹೆಸರು ಹೇಳಿಯಾಗಿದೆ. ನೀನು ಇನ್ನೊಬ್ಬರದ್ದು ಹೇಳ್ಬೇಡ. ಹೆಸರು ಬಾಯಿಂದ ಹೊರಗೆ ಬಿದ್ರೆ ಮತ್ತೆ ಹೆಕ್ಕಲಿಕ್ಕೆ ಆಗುದಿಲ್ಲ, ಗೊತ್ತಾಯ್ತಾ? ಕಣ್ಣಲ್ಲಿ ನೋಡುವ. ಆದಿತ್ಯವಾರ ಹೋಗುವ. ನಾನೂ ಬರ್ತೇನೆ, ಟೀಚರೂ ಬರ್ತಾರೆ."

ನಾನು ಬರುತ್ತೇನೆಂದು ಹೇಳಿರಲೇ ಇಲ್ಲ.

ಶನಿವಾರ ಉಮ್ಮ ಕಪ್ಪು ಕೊಡೆ ಹಿಡಿದು ಎರಡೂ ಮನೆಗಳಿಗೆ ತಾವೇ ಹೋದರು. ಪೋಸ್ಟ್‌ಮ್ಯಾನರ ಹೆಂಡತಿ ಹಿಂದೆ ಮುಂದೆ ನೋಡಿದರಂತೆ. "ನನ್ನ ಮೊಮ್ಮಗಳೂ ಉಂಟು. ಹೊತ್ತು ಕಂತುವ ಮೊದಲು ನಿಮ್ಮ ಮಗಳನ್ನು ನಿಮ್ಮ ಬಾಗಿಲಿಗೇ ತಂದು ಬಿಡ್ತೇನೆ," ಎಂದು ಹೇಳಿ ಒಪ್ಪಿಸಿ ಬಂದರು.

ದಾರಿಗೆ ಏನು ಕಟ್ಟಿಕೊಳ್ಳುವುದೆಂದು ನಾನು ಕೇಳಿದೆ. ಉಮ್ಮನ ಕೈಯ ಅಕ್ಕಿರೊಟ್ಟಿ ನನಗೆ ಪಂಚಪ್ರಾಣ.

"ಬೇಯಿಸಿದ್ದು ಬೇಡ," ಎಂದರು. "ನಮ್ಮ ಮನೆಯದ್ದು ಒಬ್ಬ ತಿಂದು ಒಬ್ಬಳು ತಿನ್ನದಿದ್ರೆ ದಾರಿಯಲ್ಲಿ ಮಕ್ಕಳಿಗೆ ಬೇಜಾರು. ಬಾಳೆಹಣ್ಣು, ನೆಲಗಡಲೆ, ಬೆಲ್ಲ. ಅದಕ್ಕೆ ಯಾರೂ ಬೇಡ ಹೇಳುದಿಲ್ಲ."

ಇಂಥದ್ದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಐದು ಜನ ಹೊರಟೆವು. ಮಕ್ಕಳು ಮುಂದೆ, ನಾವಿಬ್ಬರು ಒಂದು ಕೂಗಳತೆಯಷ್ಟು ಹಿಂದೆ. ಆ ಅಂತರವನ್ನು ಉಮ್ಮ ಬೇಕೆಂದೇ ಇಟ್ಟುಕೊಂಡಿದ್ದರು. ನಾನು ಬೀಸಾಗಿ ನಡೆದರೆ, "ನಿಧಾನ, ನಿಧಾನ. ನಾವು ಹತ್ತಿರ ಹೋದ್ರೆ ಅವು ನಮ್ಮನ್ನು ಕೇಳ್ಲಿಕ್ಕೆ ಶುರು ಮಾಡ್ತವೆ," ಎನ್ನುತ್ತಿದ್ದರು. ದರ್ಜಿಯವರ ಮಗನ ಚಪ್ಪಲಿಯ ಬಾರು ಕಿತ್ತುಹೋಯಿತು. ಉಮ್ಮನ ಚೀಲದಿಂದ ಪಿನ್ನು ಬಂತು. ಮರ್ಧಾಳದ ಚಹಾದಂಗಡಿಯಲ್ಲಿ ಮಕ್ಕಳೇ ವಿಚಾರಿಸಿದವು.

"ಇಲ್ಲಿ ರೋಲರ್ ಹೋಗುದು ನೋಡಿದ್ರಾ?"

"ನೋಡಿದ್ರಾ ಕೇಳ್ತೀರಾ ಮಕ್ಕಳೇ?" ಎಂದರು ಅಂಗಡಿಯವರು. "ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದು ಈ ಅಂಗಡಿಯ ಎದುರಿನಿಂದ ಹೋಗ್ತಾ ಇತ್ತು! ನಾನು ಒಂದು ನಿದ್ದೆ ಮಾಡಿ ಎದ್ದೆ, ಆಗಲೂ ಹೋಗ್ತಾ ಇತ್ತು."

ಇನ್ನೊಂದು ಮೈಲಿ ನಡೆದ ಮೇಲೆ ತಿರುವಿನಲ್ಲಿ ರೋಲರ್ ಕಂಡಿತು. ಅಲ್ಲೂ ಇಳಿಜಾರು. ಪಕ್ಕದಲ್ಲಿ ಒಂದು ಟಾರ್ಪಾಲಿನ ಕೆಳಗೆ ಚಾಲಕ ಬಟ್ಟೆ ಒಗೆದು ಹರವುತ್ತಿದ್ದ. ರೋಲರಿನ ಮುಂದಿನ ಚಕ್ರದ ಅಡಿಗೆ, ಜಾರದಂತೆ ಒತ್ತಿ ಇಟ್ಟಿದ್ದದ್ದು ನಮ್ಮ ಶಾಲೆಯ ಗಂಟೆ.

ನಾನು ಮಾಷ್ಟರಿಕೆಯ ದನಿ ತೆಗೆದು ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಉಮ್ಮ ನನ್ನ ಸೆರಗು ಹಿಡಿದು ಎಳೆದರು. "ಅವು ಕೇಳ್ಲಿ."

ಮೊಮ್ಮಗಳೇ ಕೇಳಿದಳು. "ಅಣ್ಣ, ಆ ಕಬ್ಬಿಣದ ತುಂಡು ಎಲ್ಲಿ ಸಿಕ್ಕಿದ್ದು?"

ಚಾಲಕ ಘಟ್ಟದ ಮೇಲಿನವನು. "ಅದಾ? ಕಡಬದಲ್ಲಿ ಒಂದು ಮರದ ಕೆಳಗೆ ಬಿದ್ದಿತ್ತು ಕಣಮ್ಮ. ಅವತ್ತು ಕಲ್ಲು ಜಾರಿ ಗಾಡಿ ಹೊರಟುಬಿಡ್ತಿತ್ತು. ಯಾರದ್ದೂ ಅಲ್ಲ ಅಂತ ಎತ್ತಿ ಚಕ್ರಕ್ಕೆ ಅಡ್ಡ ಕೊಟ್ಟೆ. ಆಮೇಲೆ ಹಂಗೇ ಗಾಡಿ ಮೇಲೆ ಬಂದುಬಿಡ್ತು."

"ಅದು ನಮ್ಮ ಶಾಲೆಯ ಗಂಟೆ."

ಅವನ ಕೈಯ ಅಂಗಿ ಕೆಳಗೆ ಬಿತ್ತು. "ಗಂಟೆನಾ! ಅಯ್ಯೋ ಶಿವನೇ, ನಂಗೇನು ಗೊತ್ತು? ನಮ್ಮೂರ ಶಾಲೆ ಗಂಟೆ ಹಿತ್ತಾಳೇದು, ದುಂಡಗಿತ್ತು."

ಇಷ್ಟರಲ್ಲಿ ದರ್ಜಿಯವರ ಮಗ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಗಂಟೆಯನ್ನು ಹಿಡಿದು ಎಳೆಯತೊಡಗಿದ್ದ. ಅದು ಹೊರಗೆ ಬಂದಿದ್ದರೆ ಅಷ್ಟು ದೊಡ್ಡ ಯಂತ್ರ ಅವನ ಮೇಲೆಯೇ ಉರುಳುತ್ತಿತ್ತು. ನನಗೂ ಚಾಲಕನಿಗೂ ಅದು ಹೊಳೆಯುವ ಮೊದಲೇ ಉಮ್ಮನಿಗೆ ಹೊಳೆದಿತ್ತು.

"ಬಿಡು ಅಲ್ಲಿ!"

ಅಷ್ಟು ದೊಡ್ಡ ದನಿ ಅವರಿಂದ ನಾನು ಕೇಳಿದ್ದು ಅದೊಂದೇ ಸಲ. ಹುಡುಗ ಬೆಚ್ಚಿ ಹಿಂದೆ ಕೂತ. ಉಮ್ಮ ಓಡಿಹೋಗಿ ರಟ್ಟೆ ಹಿಡಿದು ಅವನನ್ನು ಎಬ್ಬಿಸಿದರು, ಬೆನ್ನಿಗೆ ಒಂದು ಗುದ್ದೂ ಕೊಟ್ಟರು. "ಮಂಡೆ ಉಂಟಾ ನಿನಗೆ? ಗಂಟೆ ಬೇರೆ ಸಿಗ್ತದೆ, ನೀನು ಬೇರೆ ಸಿಗುದಿಲ್ಲ!" ಹುಡುಗ ಅಳತೊಡಗಿದ. ಅವರು ಅವನ ಕೈಗೆ ಒಂದು ಬಾಳೆಹಣ್ಣು ಕೊಟ್ಟು, ಕೊಡೆಯನ್ನೂ ಹಿಡಿಸಿ, "ಹೋಗು, ಕಲ್ಲು ಹುಡುಕು. ದೊಡ್ಡದು," ಎಂದರು.

ಎಲ್ಲರೂ ಕಲ್ಲು ಹುಡುಕಿದೆವು. ಚಾಲಕ ಮೊದಲು ನಾಲ್ಕು ಕಲ್ಲುಗಳನ್ನು ಭದ್ರವಾಗಿ ಒಡ್ಡಿ, ಆಮೇಲೆ ಗಂಟೆಯನ್ನು ಹೊರಗೆಳೆದ. ತಾನೇ ಹೆಗಲ ಮೇಲೆ ಹೊತ್ತು ಬಸ್ಸು ನಿಲ್ಲುವ ಜಾಗದವರೆಗೆ ಬಂದ. ಸುಬ್ರಹ್ಮಣ್ಯದಿಂದ ದೇವರ ದರ್ಶನ ಮುಗಿಸಿ ಮರಳುವವರಿಂದ ತುಂಬಿದ್ದ ಬಸ್ಸು ಬಂತು.

"ಇದೆಂತ ಲಗ್ಗೇಜು?" ಎಂದ ಕಂಡಕ್ಟರ್.

"ಶಾಲೆಯ ಗಂಟೆ."

"ಹೌದಾ? ಬಾರಿಸಿ ನೋಡುವ ಒಮ್ಮೆ."

"ಬೇಡ ಮಾರಾಯಾ," ಎಂದರು ಉಮ್ಮ. "ಶಾಲೆ ಬಿಟ್ಟಿತು ಅಂತ ಎಲ್ಲರೂ ಇಳಿದು ಮನೆಗೆ ಹೋದಾರು."

ಇಡೀ ಬಸ್ಸು ನಕ್ಕಿತು. ಯಾರೋ ಮಕ್ಕಳಿಗೆ ಪ್ರಸಾದದ ಪಂಚಕಜ್ಜಾಯ ಕೊಟ್ಟರು.

ಕಡಬದಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಮಕ್ಕಳು ಹೆಡ್ಮಾಷ್ಟ್ರ ಮನೆಗೆ ಓಡುವ ತವಕದಲ್ಲಿದ್ದವು. ಉಮ್ಮ ತಡೆದರು. "ಮೊದಲು ಅವರಲ್ಲಿಗೆ."

ಯಾರಲ್ಲಿಗೆಂದು ಮಕ್ಕಳು ಕೇಳಲಿಲ್ಲ. ಗೋಣಿಯ ತುಂಡಿನಲ್ಲಿ ಕಟ್ಟಿದ ಗಂಟೆಯನ್ನು ನಾಲ್ಕು ಮೂಲೆ ಹಿಡಿದು, ಮೂವರು ಮಕ್ಕಳು ಮತ್ತು ನಾನು ಗುಜರಿಯವರ ಷೆಡ್ಡಿಗೆ ಹೊತ್ತೆವು. ಅವರು ಹೊರಗೆ ಬಂದರು. ಪೋಸ್ಟ್‌ಮ್ಯಾನರ ಮಗಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಬೆರಳ ಗೆಣ್ಣಿನಿಂದ ಗಂಟೆಯನ್ನು ತಟ್ಟಿ, ಕಿವಿಗೊಟ್ಟು ಕೇಳಿದರು.

"ಒಳ್ಳೆ ಕಬ್ಬಿಣ. ಸಿಕ್ಕಿದ್ರೆ ನಾನು ತಗೊಳ್ತಿದ್ದೆ," ಎಂದರು. ಆಮೇಲೆ ನಕ್ಕರು. ನಾವೂ ನಕ್ಕೆವು, ಮೊದಲು ಹೆದರಿ, ಆಮೇಲೆ ನಿಜವಾಗಿ. "ತಂತಿಯಲ್ಲಿ ಕಟ್ಟಿದ್ದೇ ತಪ್ಪು. ನಾಳೆ ನಾನು ಬರ್ತೇನೆ. ಚೈನಿನಲ್ಲಿ ಹಾಕುವ."

ಸೋಮವಾರ ಅವರೇ ಮರ ಹತ್ತಿ, ಸೈಕಲ್ಲಿನ ಚೈನನ್ನು ಎರಡು ಸುತ್ತು ಬಿಗಿದು ಗಂಟೆ ನೇತುಹಾಕಿದರು. ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಷ್ಟ್ರು ಗಂಟಲು ಸರಿಮಾಡಿಕೊಂಡರು. "ಮಕ್ಕಳೇ, ಮೊನ್ನೆ ನಾನು ಗೊತ್ತಿಲ್ಲದೆ ಒಬ್ಬರ ಮೇಲೆ ತಪ್ಪು ಹೊರಿಸಿದೆ. ಅದು ನನ್ನ ತಪ್ಪು." ಅಷ್ಟು ಹೇಳಿ ಮರದ ಕಡೆಗೆ ಕೈ ಮುಗಿದರು. ಮರದ ಮೇಲಿದ್ದವರಿಗೆ ಕೈ ಮುಗಿಯಲು ಆಗದೆ, ಒಂದು ಕೈಯಲ್ಲಿ ಕೊಂಬೆ ಹಿಡಿದುಕೊಂಡು ತಲೆ ಆಡಿಸಿದರು.

ಆ ವಾರವೇ ನಾನು ಇನ್‌ಸ್ಪೆಕ್ಟರ್ ಮಾವನನ್ನು ಕಥೆಯಿಂದ ಹೊರಗೆ ಕಳಿಸಿದೆ. ತಾಯಿಯನ್ನು ಆಸ್ಪತ್ರೆಯಿಂದ ಬಿಡಿಸಿ ಮನೆಗೆ ಕರೆತಂದೆ. ಮೂವರು ಮಕ್ಕಳ ಬೆನ್ನಿಗೆ ಕಪ್ಪು ಕೊಡೆಯ ಒಬ್ಬ ಅಜ್ಜಿಯನ್ನು ನಿಲ್ಲಿಸಿದೆ. ಅವರು ಕೇಳುತ್ತಾರೆ, ಕಟ್ಟಿಕೊಡುತ್ತಾರೆ, ಮನೆಯವರನ್ನು ಒಪ್ಪಿಸುತ್ತಾರೆ, ಒಂದು ಕೂಗಳತೆಯ ಹಿಂದೆ ಬರುತ್ತಾರೆ. ಮೂರು ದಿನದ ಗುಹೆವಾಸ ಒಂದು ಹಗಲಿಗೆ ಇಳಿಯಿತು. ಆದರೂ ಕಥೆಗೆ ಒಂದು ಚೂರೂ ನಷ್ಟವಾಗಲಿಲ್ಲ. ಅಲ್ಲಿಯವರೆಗೆ ನಾನು ತಿಳಿದದ್ದು, ದೊಡ್ಡವರು ಇದ್ದರೆ ಮಕ್ಕಳ ಸಾಹಸ ಕೆಡುತ್ತದೆ ಎಂದು. ತಮ್ಮ ಹಿಂದೆ ಒಬ್ಬರು ಇದ್ದಾರೆಂದು ಗೊತ್ತಿದ್ದ ಮಕ್ಕಳು ಒಂದು ಹೆಜ್ಜೆ ಹೆಚ್ಚೇ ಮುಂದೆ ಹೋಗುತ್ತವೆ ಎಂಬುದನ್ನು ಮರ್ಧಾಳದ ದಾರಿಯಲ್ಲಿ ನೋಡಿದ್ದೆ.

ಪುತ್ತೂರಿನ ಯಜಮಾನರು ಈ ಸಲ ಓದಿ ಮುಗಿಸಿ ಕನ್ನಡಕ ತೆಗೆದರು. "ಇವರು ಎಲ್ಲಿಯವರು?"

"ಕಡಬದವರು."

"ಹಾಗಾದ್ರೆ ಮಕ್ಕಳನ್ನು ಕಳಿಸಬಹುದು," ಎಂದು ಹಸ್ತಪ್ರತಿಯನ್ನು ಅಚ್ಚಿನ ಮೊಳೆ ಜೋಡಿಸುವವರ ಕಡೆ ನೀಡಿದರು.

ಪುಸ್ತಕ ಬಂತು. ಮುಖಪುಟದಲ್ಲಿ ಗುಹೆಯ ಬದಲು ಹುಲಿಯೊಂದಿತ್ತು. ಕಥೆಯಲ್ಲಿ ಹುಲಿಯೇ ಇರಲಿಲ್ಲ. ಇರಲಿ, ಹುಲಿಯ ಚಿತ್ರದ ಅಚ್ಚು ಅವರಲ್ಲಿ ಮೊದಲೇ ಇತ್ತಂತೆ. ಉಮ್ಮನಿಗೆ ಅರಬಿ ಅಕ್ಷರ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮೊಮ್ಮಗಳು ಜಗಲಿಯಲ್ಲಿ ಕೂತು ಎರಡು ಸಂಜೆ ಇಡೀ ಪುಸ್ತಕ ಓದಿ ಹೇಳಿದಳು. ನಾನು ಕೋಣೆಯ ಒಳಗೆ ಬಾಗಿಲ ಹತ್ತಿರ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಮುಗಿದ ಮೇಲೆ ಉಮ್ಮ ಕರೆದರು. "ಟೀಚರೇ, ಚಂದ ಉಂಟು. ಆದ್ರೆ ಆ ಅಜ್ಜಿ ಒಮ್ಮೆಯೂ ಜೋರು ಮಾಡುದಿಲ್ಲ, ಒಂದು ಪೆಟ್ಟೂ ಕೊಡುದಿಲ್ಲ. ಅಷ್ಟು ಒಳ್ಳೆಯವರು ಎಲ್ಲಿಯಾದ್ರೂ ಇರ್ತಾರಾ? ಮಕ್ಕಳು ನಂಬುದಿಲ್ಲ."

ಎರಡನೆಯ ಪುಸ್ತಕದಲ್ಲಿ ಅಜ್ಜಿ ಚೆನ್ನಾಗಿಯೇ ಬೈದರು. ಅದು ಮೊದಲನೆಯದಕ್ಕಿಂತ ಬೇಗ ಖರ್ಚಾಯಿತು.

ಎಂಬತ್ತರ ದಶಕದಲ್ಲಿ ನನಗೆ ಸುಳ್ಯಕ್ಕೆ ವರ್ಗವಾಯಿತು. ಅಲ್ಲಿಯೂ ಬರೆಯುತ್ತಲೇ ಇದ್ದೆ, ಒಟ್ಟು ಏಳು ಪುಸ್ತಕಗಳಾದವು. ಓದಿದ ಮಕ್ಕಳಿಂದ ಆಗಾಗ ಕಾರ್ಡುಗಳು ಬರುತ್ತಿದ್ದವು. ಕಳ್ಳರ ಬಗ್ಗೆ, ಗುಹೆಯ ಬಗ್ಗೆ ಬರೆದವರು ಕಡಿಮೆ. ಹೆಚ್ಚಿನವರು ಅಜ್ಜಿಯ ಬಗ್ಗೆಯೇ ಕೇಳುತ್ತಿದ್ದರು. ಒಬ್ಬ ಹುಡುಗ ದೊಡ್ಡ ರಜೆಯಲ್ಲಿ ಅವರ ಮನೆಗೆ ಬರಬಹುದೇ, ತಾನು ಹಾಸಿಗೆ ತರುತ್ತೇನೆ ಎಂದು ಬರೆದಿದ್ದ.

ಒಂದು ಬೇಸಿಗೆಯಲ್ಲಿ ಉಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಸುಳ್ಯಕ್ಕೆ ಬಂದು ನನ್ನ ಮನೆಯಲ್ಲಿ ಹತ್ತು ದಿನ ಉಳಿದರು. ಜೊತೆಗೆ ಬಂದ ಮೊಮ್ಮಗಳು ಆಗ ಕಾಲೇಜು ಹುಡುಗಿ. ಪುಸ್ತಕದ ಅಜ್ಜಿ ಬಂದಿದ್ದಾರೆಂಬ ಸುದ್ದಿ ನೆರೆಕರೆಯ ಮಕ್ಕಳಿಗೆ ಹೇಗೋ ಗೊತ್ತಾಗಿ, ಮರುದಿನ ಬೆಳಿಗ್ಗೆ ಏಳೆಂಟು ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಉಮ್ಮ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಹೊರಗೆ ಬಂದರು. ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದವು.

"ಇದು ವೇಷವಾ?" ಎಂದು ಒಂದು ಪುಟ್ಟ ಹುಡುಗಿ ಪಿಸುಗುಟ್ಟಿದಳು.

"ಅಲ್ಲ, ಆಪರೇಷನು," ಎಂದರು ಉಮ್ಮ. ಮೆಟ್ಟಿಲ ಮೇಲೆ ಕೂತು, ಇದ್ದ ಒಂದು ಕಣ್ಣಿನಿಂದಲೇ ಎಲ್ಲರನ್ನೂ ಸರದಿಯಂತೆ ನೋಡಿದರು. "ಹಾಂ, ಹೇಳಿ. ನಿಮ್ಮಲ್ಲಿ ಎಂತ ಕಾಣೆಯಾಗಿದೆ?"

ಮಕ್ಕಳು ಮುಖ ಮುಖ ನೋಡಿಕೊಂಡವು. ಪಾಪ, ಅವುಗಳದ್ದೇನೂ ಕಾಣೆಯಾಗಿರಲಿಲ್ಲ. ಕೊನೆಗೆ ಒಬ್ಬ ಹುಡುಗ ಧೈರ್ಯ ಮಾಡಿ, ತಮ್ಮ ಮನೆಯ ಕೋಳಿ ನಾಲ್ಕು ದಿನದಿಂದ ಮೊಟ್ಟೆ ಎಲ್ಲಿ ಇಡುತ್ತದೆಂದೇ ಗೊತ್ತಾಗುತ್ತಿಲ್ಲ ಎಂದ. ಉಮ್ಮ ಸರಿದು ಕೂತು ಮೆಟ್ಟಿಲಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು. ಕೋಳಿಯ ಬಣ್ಣ ಯಾವುದು, ಕೊನೆಯ ಸಲ ಅದನ್ನು ಯಾರು, ಎಲ್ಲಿ ನೋಡಿದ್ದು ಎಂದು ಒಂದೊಂದಾಗಿ ಕೇಳತೊಡಗಿದರು. ನಾನು ಎಲ್ಲರಿಗೂ ಬೆಲ್ಲ, ನೀರು ತರಲು ಒಳಗೆ ಹೋದೆ.